ಉಸುಕಿನ ದನಿ

ಜಮಖಂಡಿಯ ಗಂಟಲು ಡಾಕ್ಟರರ ದವಾಖಾನೆಯಲ್ಲಿ ಪಕ್ಕದ ಹೆಂಗಸು ಮತ್ತೆ ಮತ್ತೆ "ಯಾವೂರವ್ವಾ ನಿಂದು?" ಎಂದು ಕೇಳಿದರೂ ಯಶೋಧರಾ ತುಟಿ ಬಿಚ್ಚಲಿಲ್ಲ. ಗಂಟಲ ಮೇಲೆ ಕೈಯಿಟ್ಟು, ಬೆರಳು ಅಲ್ಲಾಡಿಸಿ, ಆಗುವುದಿಲ್ಲ ಎಂದು ತೋರಿಸಿದಳು. ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಲೊಚಗುಟ್ಟಿ, ಆಚೆ ಕೂತ ಗಂಡನ ಕಡೆ ತಿರುಗಿ, "ಮೂಕಿ ಅದಾಳ ನೋಡ್ರಿ, ಪಾಪ. ಎಷ್ಟ ಲಕ್ಷಣ ಅದಾಳ," ಅಂದಳು. ಗಂಡ ಪೇಪರಿನಿಂದ ತಲೆ ಎತ್ತದೆ ಹೂಂ ಎಂದ. ಹಿಪ್ಪರಗಿಯಿಂದ ಲೋಕಾಪುರದವರೆಗೆ, ಕೃಷ್ಣ ಪಾರಿಜಾತದ ಬಯಲಾಟವನ್ನು ಒಂದೇ ಒಂದು ಸಲ ನೋಡಿದವರು ಕೂಡ ಕಣ್ಣು ಮುಚ್ಚಿ ಗುರುತು ಹಿಡಿಯುವ ದನಿ ತನ್ನದು. ಅಂಥವಳನ್ನು ಮೂಕಿ ಅಂದರೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ತಲೆಯ ಮೇಲಿನ ಹೊರೆಯನ್ನು ಯಾರೋ ಕೇಳದೆಯೇ ಇಳಿಸಿಕೊಂಡಂತಾಯಿತು. ಹಾಗೆ ಅನ್ನಿಸಿದ್ದಕ್ಕೆ ಮಾತ್ರ ಅವಳಿಗೆ ನಾಚಿಕೆಯಾಯಿತು. ಸೆರಗು ಎಳೆದು ಹೊದ್ದುಕೊಂಡು, ಗೋಡೆಯ ಮೇಲಿನ ಕಿವಿ ಮೂಗು ಗಂಟಲಿನ ಚಿತ್ರ ನೋಡುತ್ತ ಕೂತಳು.

ಗಂಟಲೊಳಗಿನ ಗಂಟು ತೆಗೆದ ದಿನ ಡಾಕ್ಟರರು, ಪಿಸುಮಾತು ಕೂಡ ಆಡಬೇಡಿ, ನಾನು ಹೇಳುವವರೆಗೆ ಬಾಯಿಗೆ ಬೀಗ, ಎಂದಿದ್ದರು. ಮೊದಮೊದಲು ಮನೆಯಲ್ಲಿ ಅವಳಿಗೆ ಜೀವ ಹೋದಂತಾಗುತ್ತಿತ್ತು. ಹಾಲಿನವನನ್ನು ಕರೆಯಲು ಚಪ್ಪಾಳೆ, ಬೆಕ್ಕನ್ನು ಓಡಿಸಲು ಚಪ್ಪಾಳೆ. ಆಮೇಲೆ ಒಂದು ದಿನ ಮುಂಜಾನೆ ಏನೋ ಕಡಿಮೆಯಾಗಿದೆಯಲ್ಲ ಅನ್ನಿಸಿ ಯೋಚಿಸಿದರೆ, ಯಾರೂ ತನ್ನನ್ನು ಏನೂ ಕೇಳುತ್ತಿರಲಿಲ್ಲ. ಗಾಡಿ ಎಷ್ಟಕ್ಕೆ ಬಿಡಬೇಕು, ಯಾವ ಊರಲ್ಲಿ ಯಾರ ಮನೆಯಲ್ಲಿ ಊಟ, ತಬಲಾದವ ಯಾಕೆ ಮುನಿಸಿಕೊಂಡ, ಕೃಷ್ಣನ ಕಿರೀಟದ ಮಣಿ ಯಾರು ಪೋಣಿಸಬೇಕು. ಮೇಳ ನಡೆಸುವವಳ ಗಂಟಲು ಹಾಡಿ ಸವೆದದ್ದಕ್ಕಿಂತ ಕೂಗಿ ಸವೆದದ್ದೇ ಹೆಚ್ಚು. ಈಗ ಅವೆಲ್ಲ ಅವಳಿಲ್ಲದೆಯೇ ಹೇಗೋ ನಡೆಯುತ್ತಿದ್ದವು. ಬನಹಟ್ಟಿಯ ಅವಳ ಮನೆಯ ಗೋಡೆಗೆ ಅಂಟಿಕೊಂಡೇ ಇದ್ದ ಖೋಲಿಯಲ್ಲಿ ಮಗ್ಗಗಳು ಹಗಲೆಲ್ಲ ಬಡಿದುಕೊಳ್ಳುತ್ತಿದ್ದವು. ಹುಟ್ಟಿದಾಗಿನಿಂದ ಕೇಳಿದ ಆ ಸಪ್ಪಳವನ್ನು ಅವಳು ನಿಜವಾಗಿ ಕೇಳಿದ್ದು ಮಾತು ಬಿಟ್ಟ ಮೇಲೆಯೇ. ಅದೇ ಖೋಲಿಗೆ ದೊಡ್ಡವ್ವ ಸುಂದರವ್ವ ಅವಳನ್ನು ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಮಗ್ಗಗಳ ನಡುವೆ ನಿಲ್ಲಿಸಿದ್ದಳು. ಆಗಿನ್ನೂ ಅವಳು ಲಂಗ ಹಾಕುತ್ತಿದ್ದ ಹುಡುಗಿ. "ಹಾಡು. ಮಗ್ಗದಕಿಂತ ಮ್ಯಾಲ ಕೇಳಬೇಕು ನೀ. ಕೇಳಲಿಲ್ಲಂದ್ರ ಇವತ್ತ ಊಟ ಇಲ್ಲ." ದಿನವೂ ಹಾಡಿದಳು. ಗಂಟಲು ಬಾತು ಎಂಜಲು ನುಂಗಲಾಗದೆ ಅಳುತ್ತ ಹಾಡಿದಳು. ಒಂದು ದಿನ ಏನೋ ಹರಿದಂತಾಗಿ, ದನಿಯ ತಳದಲ್ಲಿ ಮರಳು ಉರುಳಿದಂಥ ಸದ್ದು ಬಂತು. ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ಕಣ್ಣು ಮುಚ್ಚಿ, "ಬಂತು," ಅಂದಳು. ಆ ರಾತ್ರಿ ಅವಳಿಗೆ ತುಪ್ಪ ಬಡಿಸಿದ್ದಳು.

ಒಳಗೆ ಕರೆದರು. ಡಾಕ್ಟರರು ಚಿಕ್ಕ ವಯಸ್ಸಿನವರು, ಅವಳಿಗೆ ಮಗನಿದ್ದಿದ್ದರೆ ಅಷ್ಟಿರುತ್ತಿದ್ದ. ಮೂಗಿನಿಂದ ತೆಳ್ಳನೆಯ ಕೊಳವೆ ಇಳಿಸಿ, ಮುಂದಿದ್ದ ಟೀವಿಯಲ್ಲಿ ಅವಳಿಗೇ ಅವಳ ಗಂಟಲು ತೋರಿಸಿದರು. ಎರಡು ಬಿಳಿಯ ಎಳೆಗಳು, ತೊಳೆದಿಟ್ಟಂತೆ, ತೆರೆಯುತ್ತ ಮುಚ್ಚುತ್ತ ಇದ್ದವು. ಇಷ್ಟೇನಾ ಅನ್ನಿಸಿತು. ಇಷ್ಟಕ್ಕೇ ಅಷ್ಟು ಮಂದಿ ಶಿಳ್ಳೆ ಹೊಡೆದರೇ.

"ಭಾಳ ಛಲೋ ಕೂಡೇತ್ರಿ," ಅಂದರು ಡಾಕ್ಟರರು ಕೊಳವೆ ತೆಗೆಯುತ್ತ. "ಮಾತಾಡ್ರಿ ಈಗ. ಏನರ ಅನ್ರಿ."

"ಏನ ಅನ್ಲಿರಿ?"

ಅಂದವರು ಯಾರು ಎಂದು ಅವಳು ಹಿಂದೆ ತಿರುಗಿ ನೋಡಿದಳು. ಬಾಗಿಲು ಮುಚ್ಚಿತ್ತು. ನರ್ಸು ಬೆನ್ನು ಹಾಕಿ ಏನೋ ತೊಳೆಯುತ್ತಿದ್ದಳು. ಡಾಕ್ಟರರು ನಗುತ್ತಿದ್ದರು. "ನೋಡ್ರಿ, ಕಾಲೇಜ ಹುಡುಗೀ ದನಿ ಆಗೇತಿ."

"ನನ್ನ ದನಿ ಯಾವಾಗ ಬರತೈತ್ರಿ?" ಅವಳು ಮೆಲ್ಲಗೆ ಕೇಳಿದಳು. ಮಾತು ತುಟಿಯಿಂದ ಸಲೀಸಾಗಿ, ಎಲ್ಲಿಯೂ ತಡೆಯಿಲ್ಲದೆ ಹೊರಗೆ ಬಿತ್ತು. ಅದಕ್ಕೆ ತೂಕವೇ ಇರಲಿಲ್ಲ.

"ಬಂತಲ್ರೀ. ಇದ ನಿಮ್ಮ ದನಿ."

"ಮೊದಲಿಂದು?"

"ಅದು ಗಂಟಿಂದರಿ. ಒತ್ತಿ ಒತ್ತಿ ಹಾಡಿ ಬೆಳಸಿದ್ರಿ ನೀವು ಅದನ್ನ. ಭಾಳ ವರ್ಷದ್ದು. ಇನ್ನೊಂದೀಟು ಬಿಟ್ಟಿದ್ರ ದನೀನ ಹೋಗಿಬಿಡ್ತಿತ್ತು." ಕೈ ತೊಳೆದುಕೊಳ್ಳುತ್ತ ಅವರು ಮುಂದುವರಿಸಿದರು, "ಹಾಡ್ರಿ, ಯಾರೂ ಬ್ಯಾಡ ಅನ್ನೂದಿಲ್ಲ. ಸಾವಕಾಶ ಶುರು ಮಾಡ್ರಿ. ಆದ್ರ ಮೊದಲಿನಂಗ ಒತ್ತಬ್ಯಾಡ್ರಿ. ಒತ್ತಿದ್ರ ಮತ್ತ ಬರತೈತಿ."

ಮೆಟ್ಟಿಲು ಇಳಿಯುವಾಗ ಡಾಕ್ಟರರ ಕೊನೆಯ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಒತ್ತಿದರೆ ಮತ್ತೆ ಬರುತ್ತದೆ. ಹೆದರಿಸಲು ಹೇಳಿದ್ದೋ, ಆಸೆ ಹಚ್ಚಲು ಹೇಳಿದ್ದೋ. ಹೊರಗೆ ಬಿಸಿಲಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರು ಒಂದರ ಹಿಂದೊಂದು ಎರಡು ಟ್ರೇಲರ್ ಎಳೆದುಕೊಂಡು ರಸ್ತೆಯ ತುಂಬ ಹೋಗುತ್ತಿತ್ತು, ಅದರ ಟೇಪಿನ ಹಾಡು ಅಂಗಡಿಗಳ ಗಾಜು ಅಲುಗಿಸುತ್ತಿತ್ತು. ಅದರ ಮರೆಯಲ್ಲಿ ಅವಳು ತನ್ನ ಹೆಸರನ್ನೇ ಒಂದು ಸಲ ಹೇಳಿ ನೋಡಿದಳು. ಆಟದಲ್ಲಿ ಅವಳ ಪಾತ್ರವಾದ ಸತ್ಯಭಾಮೆ ಮೊದಲ ಸಲ ಪರದೆಯ ಹಿಂದಿನಿಂದ ಬಂದಾಗ ಭಾಗವತ, ನೀ ಯಾರವ್ವಾ, ನಿನ್ನ ಹೆಸರೇನು, ಎಂದು ಕೇಳುತ್ತಾನೆ. ಅವಳು ಹೆಸರು ಹೇಳಲು ಬಾಯಿ ತೆರೆದರೆ ಸಾಕು, ಹೆಸರು ಮುಗಿಯುವುದರೊಳಗೇ ಜನ ಕೂಗು ಹಾಕುತ್ತಿದ್ದರು. ಹೆಸರು ಅವರಿಗೆ ಬೇಕಿರಲಿಲ್ಲ, ದನಿ ಬೇಕಿತ್ತು. ಈಗ ರಸ್ತೆಯ ಬದಿಗೆ ನಿಂತು ಹೇಳಿದ ಹೆಸರಿಗೆ ಕಬ್ಬಿನ ಹಾಲಿನ ಗಾಡಿಯವ, "ಏನ್ ಬೇಕ್ರೀ ಅಕ್ಕಾರ?" ಎಂದು ಕೇಳಿದ. ಏನೂ ಬೇಡ ಎಂದು ಅವಳು ತಲೆಯಾಡಿಸಿದಳು, ಮಾತು ಬಂದರೂ.

ಸ್ವಲ್ಪ ಹೊತ್ತಿಗೆ, ಆ ಸಂಜೆಯ ಆಟಕ್ಕೆ ಹೊರಟ ಮೇಳದ ಕ್ರೂಸರ್ ಗಾಡಿ ಬನಹಟ್ಟಿಯ ಕಡೆಯಿಂದ ಬಂತು. ನಡೆಸುತ್ತಿದ್ದವನು ಶಿವಾಜಿ, ವಾರವೆಲ್ಲ ಬೀಳಗಿಯ ದಾರಿಯಲ್ಲಿ ಇದೇ ಗಾಡಿಗೆ ಮಂದಿ ತುಂಬಿಸಿ ಓಡಿಸುತ್ತಾನೆ, ಆಟವಿದ್ದ ದಿನ ಕೃಷ್ಣನಾಗುತ್ತಾನೆ. ಅವನ ಪಕ್ಕ ತೊಡೆಯ ಮೇಲೆ ಹಾರ್ಮೋನಿಯಂ ಪೇಟಿ ಇಟ್ಟುಕೊಂಡು ಸಿದರಾಯ. ಸುಂದರವ್ವನ ಕಾಲದಿಂದ ಮೇಳಕ್ಕೆ ಪೇಟಿ ಬಾರಿಸಿದವನು ಅವನೇ. ಹಿಂದಿನ ಸೀಟಿನಲ್ಲಿ ಮನೀಷಾ ಅತ್ತೆಗಾಗಿ ಕಿಟಕಿಯ ಜಾಗ ಬಿಟ್ಟು ಕೂತಿದ್ದಳು. ಯಶೋಧರಾಳ ತಮ್ಮನ ಮಗಳು. ರಬಕವಿಯ ಒಂದು ಸೊಸೈಟಿಯಲ್ಲಿ ಕಾರಕೂನಿಕೆ, ಭಾನುವಾರ ಮಾತ್ರ ಬಿಡುವು. ಅತ್ತೆಯ ಗಂಟಲು ಕಟ್ಟಿದಾಗಿನಿಂದ ಭಾಮೆ ಅವಳೇ.

"ಡಾಕ್ಟರ ಏನಂದ್ರು ಅತ್ತಿ?" ಅವಳು ಕೇಳಿದಳು. ದನಿ ಗೊಗ್ಗರಾಗಿತ್ತು, ನಡುನಡುವೆ ತುಂಡಾಗುತ್ತಿತ್ತು. "ಮಾತಾಡಬೌದಂತ?"

ಎಲ್ಲರೂ ಯಶೋಧರಾಳ ಕಡೆ ನೋಡುತ್ತಿದ್ದರು. ಶಿವಾಜಿ ಕೂಡ ಕನ್ನಡಿಯಲ್ಲಿ ನೋಡುತ್ತಿದ್ದ. ಆಡಿದರೆ ಮುಗಿಯಿತು, ಆಡಿದ ಮರುಕ್ಷಣ ಅವರ ಮುಖಗಳು ಹೇಗಾಗುತ್ತವೆ ಎನ್ನುವುದು ಅವಳಿಗೆ ಕಂಡಿತು. ಅವಳ ಕೈ ತಾನಾಗಿಯೇ ಎದ್ದು, ಇನ್ನೂ ಇಲ್ಲ ಎಂದು ಗಾಳಿಯಲ್ಲಿ ಅಲ್ಲಾಡಿತು. ಕೈಯಿಂದ ಸುಳ್ಳು ಹೇಳುವುದು ಇಷ್ಟು ಹಗುರವೆಂದು ಅವಳಿಗೆ ಗೊತ್ತಿರಲಿಲ್ಲ. "ಇರಲಿ ಬಿಡ್ರಿ," ಅಂದ ಶಿವಾಜಿ ಗೇರು ಹಾಕುತ್ತ, "ಗಡಬಡಿ ಏನಿಲ್ಲ. ಮನೀಷಾ ನಿಭಾಯಸಾಕತ್ತಾಳ." ಅವನ ದನಿಯಲ್ಲಿ ಕೆಡುಕಿರಲಿಲ್ಲ, ನಿರಾಳವಿತ್ತು. ಅದೇ ಚುಚ್ಚಿತು. ಆಮೇಲೆ ಅವರು ತಮ್ಮ ಮಾತಿಗೆ ಬಿದ್ದರು. ಮಾತಾಡದವಳಿಗೆ ಕಿವಿಯೂ ಇಲ್ಲವೆಂದು ಮಂದಿ ತಿಳಿಯುತ್ತಾರೆ. ಮುಂದಿನ ಆಟದ ಬ್ಯಾನರಿನ ಮೇಲೆ ಯಾರ ಫೋಟೋ ಹಾಕಬೇಕು ಎಂದು ಶಿವಾಜಿ ಸಿದರಾಯನ ಜೊತೆ ಅವಳ ಮುಂದೆಯೇ ಚರ್ಚೆ ಮಾಡಿದ. "ಎಲ್ಡೂ ಹಾಕೂಣು. ಅಕ್ಕಾರದು ಮ್ಯಾಲ ಸಣ್ಣದ, ಮನೀಷಾಂದು ನಡುವ." ಸಿದರಾಯ ಕಿಟಕಿಯ ಹೊರಗೆ ನೋಡುತ್ತ, ನೀವ ನೋಡ್ಕೋರಿ, ಎಂದ. ಮನೀಷಾ ನಾಚಿ, ಜ್ಯೇಷ್ಠಮಧುವಿನ ಕಡ್ಡಿ ಕಚ್ಚುತ್ತ, ಬಾಟಲಿಯ ಬಿಸಿನೀರು ಗುಟುಕರಿಸುತ್ತ ಇದ್ದಳು. "ದನಿ ಅಗದೀ ಒಡದೈತಿ ಇವತ್ತ," ಎಂದು ಅವಳು ಹೆಮ್ಮೆಯಿಂದ ಹೇಳಿಕೊಂಡಳು. "ಮುಂಜಾನಿ ಸೊಸೈಟ್ಯಾಗಿನವರ ಫೋನ್ ಬಂದಿತ್ತು, ಯಾರ ಮಾತಾಡೂದು ಅಂತ ಕೇಳಿದ್ರು ನೋಡು ಅತ್ತಿ."

ದನಿ ಒಡೆದಿದೆ ಎನ್ನುವ ಹೆಮ್ಮೆಯನ್ನು ಈ ಹುಡುಗಿಗೆ ಕಲಿಸಿದವರು ಯಾರು. ಹೋದ ಬೇಸಿಗೆಯಲ್ಲಿ ಮನೀಷಾ ಗಂಟಲು ಹಿಡಿದುಕೊಂಡು ಬಂದು, ಉರಿ ಬೀಳಾಕತ್ತೈತಿ ಅತ್ತಿ, ದವಾಖಾನಿಗೆ ಹೋಗ್ಲೇನು, ಎಂದು ಕೇಳಿದ್ದಳು. ಯಶೋಧರಾ ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದು ಸಾಲು ಹಾಡಿಸಿ, ತಳದಲ್ಲಿ ಸಣ್ಣಗೆ ಮರಳು ಉರುಳಿದ್ದು ಕೇಳಿ, ಕಣ್ಣು ಮುಚ್ಚಿ, "ಬಂತು," ಅಂದಿದ್ದಳು. ದೊಡ್ಡವ್ವ ಹೇಳಿದ ಹಾಗೆಯೇ ಹೇಳಿದ್ದಳು. ಆಗ ಅವಳಿಗೆ ಸಂತೋಷವೇ ಆಗಿತ್ತು. ಸಂತೋಷದ ಜೊತೆಗೆ, ಈ ಹುಡುಗಿ ನನಗಿಂತ ಬೇಗ ತಂದುಕೊಂಡಳಲ್ಲ ಎಂಬ ಒಂದು ಎಳೆ ಹೊಟ್ಟೆಕಿಚ್ಚು. ಗಾಡಿ ಕಬ್ಬಿನ ಗದ್ದೆಗಳ ನಡುವೆ ಹೋಗುತ್ತಿತ್ತು. ಸುಂದರವ್ವ ಭಾಮೆಯ ಸೀರೆ ಬಿಚ್ಚಿ ಯಶೋಧರಾಳ ಕೈಗೆ ಕೊಟ್ಟದ್ದು ಇದೇ ದಾರಿಯ ಯಾವುದೋ ಊರಲ್ಲಿ. ಮುಂದೆ ದೊಡ್ಡವ್ವ ರುಕ್ಮಿಣಿಯಾದಳು. ಕೆಲವು ವರ್ಷಕ್ಕೆ ಗೊಲ್ಲತಿಯಾಗಿ ಮೊಸರಿನ ಗಡಿಗೆ ಹೊತ್ತು ಜನರನ್ನು ನಗಿಸಿದಳು. ಆಮೇಲೆ ದೂತಿ, ಆಮೇಲೆ ಹಿಮ್ಮೇಳದಲ್ಲಿ ತಾಳ ಹಿಡಿದು ನಿಂತಳು. ಕೊನೆಗೆ ದನಿಯೇ ಹೋಗಿ, ಗಾಳಿ ಊದಿದಂತೆ ಮಾತಾಡುತ್ತ, ಎಲ್ಲರಿಗೂ ಚಹ ಸೋಸಿ ಕೊಡುವವಳಾದಳು. ಮುದಿ ವಯಸ್ಸಿಗೆ ದನಿ ಹೋಗುವುದು ಸಹಜವೆಂದು ಎಲ್ಲರೂ ತಿಳಿದರು. ಅವಳಿಗೆ ಆಗ ಅಂಥ ವಯಸ್ಸೇನೂ ಆಗಿರಲಿಲ್ಲ. ಪರದೆಯ ಹಿಂದೆ ದೊಡ್ಡವ್ವ ಚಹದ ಲೋಟ ಚಾಚಿದಾಗ ಯಶೋಧರಾ ಮುಖ ನೋಡದೆ ಲೋಟ ಮಾತ್ರ ತೆಗೆದುಕೊಳ್ಳುತ್ತಿದ್ದಳು.

ಬಾಡಗಂಡಿಯಲ್ಲಿ ಆಟ ಇಡಿಸಿದವರು ಬಸಗೊಂಡಪ್ಪಗೌಡರು. ಸಕ್ಕರೆ ಫ್ಯಾಕ್ಟರಿಯ ರಸ್ತೆಗೆ ಹೊಸ ಮನೆ ಕಟ್ಟಿಸಿದ್ದರು, ಅಂದು ಗೃಹಪ್ರವೇಶ. ಊಟದ ಪಂಕ್ತಿಗಳು ಇನ್ನೂ ಏಳುತ್ತಿದ್ದವು. ಅಂಗಳದಲ್ಲಿ ಎರಡು ವೇದಿಕೆ ಇದ್ದವು. ದೊಡ್ಡದು ಅವರ ಮಗ ಬಸವಕುಮಾರ ಕರೆಸಿದ್ದ ಆರ್ಕೆಸ್ಟ್ರಾದ್ದು, ಬಣ್ಣದ ದೀಪ, ಎದೆಯೆತ್ತರದ ಸ್ಪೀಕರು. ಮೇಳದವರಿಗೆ ಟ್ರ್ಯಾಕ್ಟರು ನಿಲ್ಲಿಸುವ ಶೆಡ್ಡಿನ ಮುಂದೆ ಹಲಗೆ ಹಾಸಿದ್ದರು. ಇಡೀ ರಾತ್ರಿಯ ಆಟವನ್ನು ಊಟವಾಗಿ ವೀಳ್ಯ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ, ದೀಪ ಹಚ್ಚುವ ಹೊತ್ತಿಗೆ ಶುರು ಮಾಡಿ, ಆರ್ಕೆಸ್ಟ್ರಾದವರು ತಂತಿ ಜೋಡಿಸಿಕೊಳ್ಳುವುದರೊಳಗೆ ಮುಗಿಸಬೇಕಾಗಿತ್ತು. "ಭಾಮಿ ಸಿಟ್ಟಾಗೂದು ಅಷ್ಟ ಮಾಡ್ರಿ, ಉಳಿದದ್ದು ಬ್ಯಾಡ," ಎಂದು ಬಸವಕುಮಾರ ಮೊಬೈಲು ನೋಡುತ್ತ ಹೇಳಿ ಹೋದ. ಗೌಡರು ಮಾತ್ರ ಯಶೋಧರಾಳನ್ನು ನೋಡಿದವರೇ ಟೋಪಿ ಸರಿಪಡಿಸಿಕೊಂಡು ಬಂದರು. ಹರೆಯದಲ್ಲಿ ಮೋಟರಸೈಕಲ್ ಹತ್ತಿ ಊರೂರು ಅವಳ ಆಟದ ಹಿಂದೆ ತಿರುಗಿದವರು. "ನಿಮ್ಮ ದನಿಯೊಳಗ ಉಸುಕ ಐತ್ರಿ, ಹೊಳೀ ಉಸುಕು," ಎಂದು ಮೊದಲು ಹೇಳಿದವರೂ ಅವರೇ. ಆ ಮಾತು ಎಲ್ಲ ಊರಿಗೂ ಹಬ್ಬಿ ಉಸುಕಿನ ದನಿಯ ಯಶೋಧರಾಬಾಯಿ ಎಂದೇ ಹೆಸರಾಗಿತ್ತು. ಈಗ ಅವರು ಅವಳ ಎದುರು ನಿಂತು, ಕಿವುಡರಿಗೆ ಹೇಳುವಂತೆ ಗಂಟಲು ಏರಿಸಿ, ಕೈ ತಿರುಗಿಸಿ ತಿರುಗಿಸಿ, "ಊಟ! ಆತೇನ್ರಿ? ಕುರ್ಚಿ! ಇಲ್ಲೆ ಕುಂಡ್ರಿ!" ಎಂದರು. ಮುದುಕಿಯರ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಆಮೇಲೆ ಬೆನ್ನು ತಿರುಗಿಸಿ, ಪಕ್ಕದಲ್ಲಿದ್ದ ಬೀಗರಿಗೆ ಅದೇ ದೊಡ್ಡ ದನಿಯಲ್ಲಿ ಹೇಳಿದರು, "ಆಕೀದು ಆತು ಬಿಡ್ರಿ. ಆದ್ರ ಹುಡುಗಿ ಅಂತೀರಿ? ಕಣ್ಣ ಮುಚಗೊಂಡ ಕೇಳ್ರಿ ಬೇಕಾರ, ಅಗದೀ ಆಕಿನ."

ಅವಳು ಕುರ್ಚಿಯಲ್ಲಿ ಕೂಡಲಿಲ್ಲ. ಶೆಡ್ಡಿನ ಒಳಗೆ, ಪರದೆಯ ಹಿಂದೆ, ಗೊಬ್ಬರದ ಚೀಲಗಳ ಮೇಲೆ ಹೋಗಿ ಕೂತಳು.

ಆಟ ಶುರುವಾಯಿತು. ಭಾಗವತ ಕೇಳಿದ, ಮನೀಷಾ ಹೆಸರು ಹೇಳಿದಳು. ಕೂಗು ಬಿತ್ತು. ಗೌಡರು ಹೇಳಿದ್ದು ನಿಜ, ಕಣ್ಣು ಮುಚ್ಚಿದರೆ ಅದು ತನ್ನದೇ ದನಿ. ಯಶೋಧರಾ ಕಣ್ಣು ಮುಚ್ಚಿಯೇ ಕೇಳಿದಳು. ಜನರಿಗೆ ಕೇಳಿಸಿದ್ದು ಉಸುಕು. ಅವಳಿಗೆ ಕೇಳಿಸಿದ್ದು ಅದರ ಕೆಳಗಿನದು. ಪ್ರತಿ ಸಾಲಿಗೂ ಮುಂಚೆ ಹುಡುಗಿ ಹೊಟ್ಟೆ ಬಿಗಿಹಿಡಿದು, ಕುತ್ತಿಗೆಯ ನರ ಉಬ್ಬಿಸಿ, ದನಿಯನ್ನು ಬಾವಿಯ ಕಲ್ಲಿಗೆ ಹಗ್ಗ ಉಜ್ಜಿದಂತೆ ಉಜ್ಜಿ ಹೊರಗೆ ತೆಗೆಯುತ್ತಿದ್ದಳು. ಯಾವ ಜಾಗದಲ್ಲಿ ಉಜ್ಜುತ್ತಿದೆ ಎಂಬುದು ಯಶೋಧರಾಳ ಸ್ವಂತ ಗಂಟಲಿಗೆ ಗೊತ್ತಾಗುತ್ತಿತ್ತು. ಎಂಜಲು ನುಂಗಿದಾಗ ಅಲ್ಲಿಯೇ ನೋವಾದಂತಾಯಿತು. ಬೆಳಗ್ಗೆ ಟೀವಿಯಲ್ಲಿ ಕಂಡ ಬಿಳಿಯ ಎಳೆಗಳು ಕಣ್ಣ ಮುಂದೆ ಬಂದವು. ಪೇಟಿ ಕೂಡ ತನಗೆ ಬಾರಿಸುತ್ತಿದ್ದ ಸುರದಲ್ಲೇ ಇತ್ತು. ಆ ಸುರವನ್ನು ಸಿದರಾಯ, ಅವಳ ದನಿ ಮೇಲೆ ಏರಲಾರದಂತಾದ ಹಾಗೆಲ್ಲ, ಅವಳಿಗೆ ಹೇಳದೆಯೇ ಒಂದೊಂದು ಪಟ್ಟಿ ಇಳಿಸುತ್ತ ಬಂದಿದ್ದ. ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಲ್ಲವೆಂಬಂತೆ ಹಾಡಿದ್ದಳು; ಅವನೂ ಗೊತ್ತಾಗಿಲ್ಲವೆಂಬಂತೆ ಬಾರಿಸಿದ್ದ. ಅದನ್ನು ಅವಳು ಇಷ್ಟು ದಿನ ದಯೆ ಅಂದುಕೊಂಡಿದ್ದಳು. ಈಗ ಅದೇ ತಗ್ಗಿನ ಸುರದಲ್ಲಿ, ಇಪ್ಪತ್ತೈದೂ ತುಂಬದ ಹುಡುಗಿ, ಐವತ್ತು ದಾಟಿದವಳ ಬೇನೆಯನ್ನು ಹುಡುಕಿಕೊಂಡು ಇಳಿಯುತ್ತಿದ್ದಳು.

ಕೃಷ್ಣ ಮತ್ತು ದೂತಿಯ ಮಾತು ನಡೆದಾಗ ಮನೀಷಾ ಪರದೆಯ ಹಿಂದೆ ಬಂದಳು. ಬೆವರಿದ ಮುಖ ಅರಳಿತ್ತು. ನೀರು ಕುಡಿದು, ಮಾತಾಡಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಕೆಮ್ಮಿ, ಗಂಟಲು ಹಿಸುಕಿಕೊಂಡು, ಮತ್ತೆ ಪ್ರಯತ್ನ ಮಾಡಿದಳು.

"ಅತ್ತಿ, ಛಲೋ... ಬಂತಲ್ಲ?"

ತಲೆಯಾಡಿಸಿದರೆ ಸಾಕಾಗಿತ್ತು. ಹುಡುಗಿಯೂ ಅದನ್ನೇ ಕಾಯುತ್ತಿದ್ದಳು. ಒಂದು ಸಲ ತಲೆಯಾಡಿಸಿ ಮತ್ತೆ ಚೀಲದ ಮೇಲೆ ಕೂತರೆ, ಮನೆಗೆ ಹೋಗಿ ಮಲಗಬಹುದು. ನಾಳೆಯೂ ನಾಡಿದ್ದೂ ಯಾರೂ ಏನೂ ಕೇಳುವುದಿಲ್ಲ. ತಾನು ಉಸುಕಿನ ದನಿಯ ಯಶೋಧರಾಬಾಯಿಯಾಗಿಯೇ ಸಾಯುವವರೆಗೆ ಸುಮ್ಮನಿರಬಹುದು. ಅವಳಿಗೆ ಬಹಳ ದಣಿವಾಗಿತ್ತು.

"ಒತ್ತಬ್ಯಾಡ ಮನೀಷಾ," ಅಂದಳು. "ನಿನ್ನ ಗಂಟಲ ಹ್ಯಾಂಗ ಐತಿ ಹಂಗ ಹಾಡು."

ಮನೀಷಾ ಹಿಂದೆ ತಿರುಗಿ ನೋಡಿದಳು, ಬೆಳಗ್ಗೆ ತಾನು ನೋಡಿದಂತೆಯೇ. ಅಲ್ಲಿ ಟ್ರ್ಯಾಕ್ಟರು ಬಿಟ್ಟರೆ ಯಾರೂ ಇರಲಿಲ್ಲ. ಮತ್ತೆ ಇತ್ತ ತಿರುಗಿದಾಗ ಅವಳ ಕಣ್ಣು ಅಗಲವಾಗಿದ್ದವು.

"ನೀ ಮಾತಾಡಿದೇನು?"

"ಹೂಂ."

"ಯಾವಾಗಿಂದ?"

"ಮುಂಜಾನಿಂದ."

"ಗಾಡ್ಯಾಗ ಇಲ್ಲಂದಿ! ಕೈ ಮಾಡಿ ಇಲ್ಲಂದಿ ನಂಗ!" ಹುಡುಗಿಯ ಮುಖದ ಬಣ್ಣದ ಕೆಳಗೆ ಇನ್ನೊಂದು ಬಣ್ಣ ಏರಿತು. ಒಡೆದ ದನಿಯಲ್ಲಿ ಸಿಟ್ಟು ಕೂಡ ಪೂರ್ತಿ ಹೊರಗೆ ಬರಲೊಲ್ಲದಾಯಿತು. "ಈಗ ಮಂದಿ ನಂಗ ಚಪ್ಪಾಳಿ ಹೊಡದ್ರು ನೋಡು, ಈಗ ನಿಂಗ ಬಾಯಿ ಬಂತು. ಹಂಗ ಹಾಡಬ್ಯಾಡ ಅಂತ ಈಗ ನೆನಪಾತು. ನೀನ ಕಲಸಿದ್ದಲ್ಲ ಇದು? ನೀನ ಬಂತು ಅಂದಿದ್ಯಲ್ಲ?"

"ನಾನ ಅಂದಿದ್ದೆ. ತಪ್ಪ ಅಂದಿದ್ದೆ."

"ನಾ ಮುಂದ ಬರೂದು ನಿಂಗ ಬ್ಯಾಡಾಗೇತಿ, ಅಷ್ಟ." ಪರದೆಯ ಸಂದಿಯಿಂದ ಶಿವಾಜಿ ಕಿರೀಟದ ತಲೆ ಹಾಕಿ, "ಬಾ ಲಗೂನ, ನಿನ್ನ ಪಾಳಿ," ಎಂದ. ಮನೀಷಾ ಸೆರಗು ಒದರಿ ಹೋದಳು.

ಹುಡುಗಿ ಅಂದದ್ದರಲ್ಲಿ ಒಂದು ಪಾಲು ನಿಜವಿತ್ತು, ಆ ಪಾಲು ಎಷ್ಟು ಎಂಬುದು ಯಶೋಧರಾಳಿಗೇ ಖಾತ್ರಿಯಿರಲಿಲ್ಲ. ಅವಳು ಎದ್ದು ಪರದೆಯ ಬದಿಯಿಂದ ಹೋಗಿ, ಹಲಗೆಯ ಮೂಲೆಯಲ್ಲಿ ಕೂತ ಸಿದರಾಯನ ಬೆನ್ನ ಹಿಂದೆ ಬಾಗಿದಳು. "ಸುರ ಏರಸು ಸಿದರಾಯಣ್ಣ. ಎಷ್ಟ ಏರತೈತಿ ಅಷ್ಟ ಏರಸು."

ಮುದುಕನ ಬೆರಳು ಪಟ್ಟಿಗಳ ಮೇಲೆಯೇ ನಿಂತವು. ಅವನು ತಿರುಗಿ ಅವಳ ಮುಖ ನೋಡಿದ, ಅವಳ ತುಟಿ ನೋಡಿದ. ಅವಳು ಲಂಗದ ಹುಡುಗಿಯಾಗಿ ಮಗ್ಗದ ಖೋಲಿಗೆ ಹೋಗುವ ಮುಂಚಿನ ದನಿಯನ್ನು ಕೇಳಿದವರಲ್ಲಿ ಬದುಕಿರುವವನು ಅವನೊಬ್ಬನೇ. "ನಡುವ ಏರಸಿದ್ರ ಹುಡುಗಿ ಬೀಳತಾಳವಾ," ಎಂದಷ್ಟೇ ಹೇಳಿದ.

"ಬೀಳೂದಿಲ್ಲ. ಆ ಎತ್ತರದಾಗ ಒತ್ತಾಕ ಬರೂದಿಲ್ಲ. ದನಿ ಬಿಡಾಕ ಬೇಕಾಗತೈತಿ."

ಭಾಮೆ ಸಿಟ್ಟಿನಿಂದ ಮುಖ ತಿರುವುವ ಹಾಡಿಗೆ ಸಿದರಾಯ ಪೇಟಿಯನ್ನು ಮೇಲಿನ ಸುರದಲ್ಲಿ ಎತ್ತಿದ. ಮನೀಷಾಳ ಬೆನ್ನು ಸೆಟೆಯಿತು. ಮೊದಲ ಸಾಲನ್ನು ಅವಳು ಹಟದಿಂದ ಒತ್ತಿಯೇ ತೆಗೆಯಲು ಹೋದಳು. ದನಿ ಅರ್ಧಕ್ಕೆ ಕಚ್ಚಿಕೊಂಡು ಹರಿಯಿತು. ಜನರಲ್ಲಿ ಯಾರೋ ನಕ್ಕರು. ಹಿಮ್ಮೇಳದವರು ಗಾಬರಿಯಾಗಿ ಸಾಲನ್ನು ಎತ್ತಿಕೊಳ್ಳುವುದನ್ನೇ ಮರೆತರು. ಆಗ ಪರದೆಯ ಬದಿಗೆ ನಿಂತಿದ್ದ ಯಶೋಧರಾ ಆ ಸಾಲನ್ನು ಎತ್ತಿದಳು. ಯೋಚನೆ ಮಾಡಿ ಎತ್ತಲಿಲ್ಲ. ಬೀಳುವ ಬಿಂದಿಗೆಗೆ ಕೈ ಕೊಟ್ಟಂತೆ ಆಯಿತು. ಅಷ್ಟು ಎತ್ತರದಲ್ಲಿ ಅವಳು ಹಾಡದೆ ಎಷ್ಟೋ ವರ್ಷವಾಗಿತ್ತು. ದನಿ ನಡುಗಿತು, ತೆಳ್ಳಗಿತ್ತು, ಕೊನೆಯಲ್ಲಿ ಉಸಿರು ಸಾಲದೆ ಹೋಯಿತು. ಆದರೆ ಎಲ್ಲಿಯೂ ತಡೆಯಲಿಲ್ಲ. ಮನೀಷಾ ತಿರುಗಿ ನೋಡಲಿಲ್ಲ. ಬೇರೆ ದಾರಿಯಿಲ್ಲದವಳಂತೆ ಗಂಟಲು ಸಡಿಲಬಿಟ್ಟು ಎರಡನೆಯ ಸಾಲು ತೆಗೆದುಕೊಂಡಳು. ಬಳಲಿದ್ದ, ಅಲ್ಲಲ್ಲಿ ಮಸುಕಾಗಿದ್ದ, ಆದರೆ ಅವಳದೇ ಆದ ದನಿ. ಯಶೋಧರಾ ಮೇಳ ನಡೆಸಲು ಹತ್ತಿದಾಗಿನಿಂದ ಆ ಹಾಡಿಗೆ ಕೂಗು ಬೀಳದೆ ಇದ್ದದ್ದು ಅದೇ ಮೊದಲು. ಮುಂದೆ ಕೂತ ಕೆಲವರು ಎದ್ದು ಆರ್ಕೆಸ್ಟ್ರಾದ ಕಡೆ ಹೋದರು. ಕೆಲವರು ಏನೋ ಬೇರೆಯದು ನಡೆಯುತ್ತಿದೆ ಎಂಬಂತೆ ಕತ್ತು ಮುಂದೆ ಮಾಡಿ ಕೇಳಿದರು. ಚಪ್ಪಾಳೆ ಬಿತ್ತು, ಹೆಚ್ಚಲ್ಲ.

ಆಟ ಮುಗಿಸಿ ಪರದೆ ಬಿಚ್ಚುತ್ತಿದ್ದಾಗ ಗೌಡರು ಬಂದರು. ಮುಖದಲ್ಲಿ ಬೇಸರವಿತ್ತು. ಸಿದರಾಯನ ಹತ್ತಿರ, "ಕಡೀಕ ಯಾಕೋ ಉಸುಕ ಹೋತಲ್ರೀ ಹುಡುಗೀದು," ಅಂದರು. ಆಮೇಲೆ ಯಶೋಧರಾಳ ಎದುರು ನಿಂತು, ಮತ್ತೆ ಕೈ ತಿರುಗಿಸುತ್ತ, ಒಂದೊಂದೇ ಮಾತು ಬಿಡಿಸಿ ಕೂಗಿ ಕೇಳಿದರು, "ನಿಮ್ಮ ದನಿ! ಯಾವಾಗ! ಬರತೈತ್ರಿ?"

"ಬಂದೈತ್ರೀ ಗೌಡ್ರ."

ಅವರ ಕೈ ಗಾಳಿಯಲ್ಲೇ ನಿಂತಿತು. "ನೀವ... ಈಗ ನೀವ ಮಾತಾಡಿದ್ರಿ?"

"ಹೂನ್ರಿ."

"ಮತ್ತ ಆ ದನಿ? ಆ ಉಸುಕು?"

"ಅದು ಬ್ಯಾನಿ ಇತ್ತರಿ," ಅಂದಳು ಅವಳು. "ಡಾಕ್ಟರ ತಗದ್ರು."

ಗೌಡರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಏನನ್ನೋ ಲೆಕ್ಕ ಹಾಕುತ್ತಿರುವವರಂತೆ ಅವರ ಹುಬ್ಬು ಗಂಟಾಯಿತು. "ಹಂಗಾರ ನಾವು ಅಷ್ಟ ಮಂದಿ ಕುಂತು, ಬೆಳಕ ಹರಿಯೂತನಾ, ಕೇಳಿದ್ದು..." ಎಂದು ಶುರುಮಾಡಿದರು. ಹೆಣ ಹೋದ ಮನೆಗೆ ಮಾತಾಡಿಸಲು ಬಂದವರಂತೆ ತಲೆ ತಗ್ಗಿಸಿ, "ಊಟ ಮಾಡ್ರಿ. ಹುಗ್ಗಿ ಬಿಸಿ ಐತಿ," ಎಂದು ತಮ್ಮ ಸಹಜ ದನಿಯಲ್ಲಿ ಹೇಳಿ, ಹೊರಟುಹೋದರು.

ಅವಳು ತಿರುಗಿದಾಗ ಮನೀಷಾ ಹಿಂದೆಯೇ ನಿಂತಿದ್ದಳು. ಮುಖ ತೊಳೆದಿದ್ದಳು, ಕಿವಿಯ ಹತ್ತಿರ ಬಣ್ಣ ಉಳಿದಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಸಿಟ್ಟು ಎಲ್ಲಿಯೂ ಹೋಗಿರಲಿಲ್ಲ, ಮೂಗಿನ ತುದಿಯಲ್ಲಿ ಕಾಣುತ್ತಿತ್ತು. ಆದರೆ ಒಂದು ಕೈ ಗಂಟಲ ಮೇಲಿತ್ತು, ಅಲ್ಲಿ ಏನನ್ನೋ ಹುಡುಕುವಂತೆ ಬೆರಳು ಮೆಲ್ಲಗೆ ಒತ್ತುತ್ತಿದ್ದವು.

"ನಂಗೂ ಐತೇನು ಅತ್ತಿ ಅದು?"

"ಗೊತ್ತಿಲ್ಲ. ನಾಳೆ ಜಮಖಂಡಿಗೆ ಹೋಗೂಣು."

"ನಾಳೆ ಸೊಸೈಟಿ ಐತಿ."

ಅಷ್ಟರಲ್ಲಿ ಆಚೆಯ ವೇದಿಕೆಯಲ್ಲಿ ಸ್ಪೀಕರುಗಳು ಹೊತ್ತಿಕೊಂಡವು. ಹಲೋ ಹಲೋ ಎಂದು ಯಾರೋ ಮೈಕಿನಲ್ಲಿ ಕೂಗಿದ, ಡೋಲು ಬಿತ್ತು, ಶೆಡ್ಡಿನ ತಗಡು ಗದಗುಟ್ಟಿತು. ಮನೀಷಾ ಏನೋ ಮತ್ತೊಂದು ಮಾತು ಹೇಳಿದಳು, ಕೇಳಿಸಲಿಲ್ಲ. ಯಶೋಧರಾ ದನಿ ಏರಿಸಲಿಲ್ಲ. ಹುಡುಗಿಯ ಭುಜ ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಅವಳ ಕಿವಿಗೆ ಬಾಯಿ ಹಚ್ಚಿ ಹೇಳಿದಳು.

"ರಜಾ ಹಾಕು."